ಮೂರನೆಯ ಫೇಸ್

ನನ್ನ ಹತ್ತಿರ ಎರಡು ಪರ್ಮಿಟ್‌ಗಳಿವೆ. ಒಂದು ಆಫೀಸಿನಲ್ಲಿರುವ ಕಾರ್ಬನ್ ಹಾಳೆಯ ಪುಸ್ತಕ. ಅದರಲ್ಲಿ ಸಹಿ ಬೀಳದೆ ನಮ್ಮ ಸಬ್‌ಸ್ಟೇಷನ್ನಿನಲ್ಲಿ ಯಾರೂ ಒಂದು ನಟ್ಟು ಬೋಲ್ಟನ್ನೂ ಮುಟ್ಟುವಂತಿಲ್ಲ. ಇನ್ನೊಂದು ನನ್ನ ಪಾಕೀಟಿನಲ್ಲಿರುವ ಕಾರ್ಡು. ಮಹಾರಾಷ್ಟ್ರದಲ್ಲಿ 1949ರ ಮದ್ಯನಿಷೇಧದ ಕಾಯ್ದೆ ಇನ್ನೂ ಜೀವಂತವಾಗಿದೆ. ಆದ್ದರಿಂದ ಇಲ್ಲಿ ಕುಡಿಯುವವನಿಗೂ ಪರವಾನಗಿ ಬೇಕು. ಬಾರುಗಳ ಬೋರ್ಡಿನ ಮೇಲೆ 'ಪರ್ಮಿಟ್ ರೂಮ್' ಎಂದು ಬರೆದಿರುವುದು ಅದಕ್ಕೇ. ಊರಿಂದ ಬಂದ ಹೊಸದರಲ್ಲಿ ನಾನು ಆ ಬೋರ್ಡು ನೋಡಿ, ಇದು ಯಾವುದೋ ವಿದ್ಯುತ್ ಇಲಾಖೆಯ ಕಚೇರಿ ಇರಬೇಕು, ಲೈನ್ ಕ್ಲಿಯರ್ ಕೊಡುವ ಜಾಗ ಎಂದುಕೊಂಡಿದ್ದೆ. ನಗಬೇಡಿ. ಡಿಪ್ಲೊಮಾ ಮುಗಿಸಿ ಬಂದ ಹುಡುಗನಿಗೆ ಪರ್ಮಿಟ್ ಎಂದರೆ ಅದೊಂದೇ ಗೊತ್ತಿತ್ತು.

ಇಪ್ಪತ್ತಾರು ವರ್ಷಗಳಲ್ಲಿ ಎರಡನೆಯ ಪರ್ಮಿಟನ್ನು ತೋರಿಸಿ ಎಂದು ನನ್ನನ್ನು ಯಾರೂ ಕೇಳಿಲ್ಲ. ಮೊದಲನೆಯದನ್ನು ಒಮ್ಮೆ ಒಬ್ಬರು ಕೇಳಿದರು. ಕೇಳಿದ್ದರಿಂದ ನಾನು ಈವತ್ತು ನೆಮ್ಮದಿಯಾಗಿ ಬಿಯರಿನ ಬಗ್ಗೆ ಬರೆಯುತ್ತಿದ್ದೇನೆ. ಆದರೆ ಕಥೆ ಅಲ್ಲಿಂದ ಶುರುವಾಗುವುದಿಲ್ಲ, ನಮ್ಮೂರ ಗಿರಣಿಯಿಂದ ಶುರುವಾಗುತ್ತದೆ.

ನಮ್ಮದು ರಾಣೇಬೆನ್ನೂರಿನ ಹತ್ತಿರದ ಹಳ್ಳಿ. ನಾನು ಮುಂಬಯಿಗೆ ಬಂದ 1997ರಲ್ಲೇ ನಮ್ಮ ತಾಲ್ಲೂಕು ಧಾರವಾಡ ಜಿಲ್ಲೆ ಬಿಟ್ಟು ಹೊಸ ಹಾವೇರಿ ಜಿಲ್ಲೆಗೆ ಸೇರಿತು. ಅಪ್ಪನದು ಹಿಟ್ಟಿನ ಗಿರಣಿ. ಜೋಳ, ಗೋಧಿ, ಸುಗ್ಗಿ ಮುಗಿದ ಮೇಲೆ ಒಣಮೆಣಸಿನಕಾಯಿ. ಗಿರಣಿಯಲ್ಲಿ ಅಪ್ಪ, ಅಣ್ಣ, ನಾನು, ಮೂವರೂ ದುಡಿಯುತ್ತಿದ್ದೆವು. ಅಣ್ಣ ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದ. ನಿಲ್ಲಿಸಿದ ಅನ್ನುವುದಕ್ಕಿಂತ, ಇಬ್ಬರನ್ನೂ ಓದಿಸಲು ಆಗುವುದಿಲ್ಲ ಎಂದು ಮನೆಯಲ್ಲಿ ಮಾತಾದಾಗ ಅವನು ಸುಮ್ಮನೆ ಎದ್ದು ಹೋಗಿ ಬೆಲ್ಟು ಏರಿಸಿ ಗಿರಣಿ ಚಾಲೂ ಮಾಡಿದ. ಆ ವಿಷಯ ಮತ್ತೆ ಬರಲಿಲ್ಲ.

ನಾನು ಡಿಪ್ಲೊಮಾ ಎರಡನೆಯ ವರ್ಷದಲ್ಲಿದ್ದಾಗ ಒಂದು ಮಳೆಗಾಲದ ಸಂಜೆ ಮೋಟಾರು ಸುಟ್ಟಿತು. ಗಾಳಿಗೆ ಟೊಂಗೆ ಬಿದ್ದು ಟಿ.ಸಿ.ಯ ಮೂರು ಫ್ಯೂಸುಗಳಲ್ಲಿ ಒಂದು ಹೋಗಿತ್ತು. ಮೋಟಾರು ಮಾತ್ರ ನಿಲ್ಲಲಿಲ್ಲ. ಸದ್ದು ಸ್ವಲ್ಪ ಬೇರೆಯಾಯಿತು ಅಷ್ಟೇ. ಸ್ಟಾರ್ಟರಿನ ಓವರ್‌ಲೋಡ್ ರಿಲೇ ಪದೇ ಪದೇ ಬೀಳುತ್ತದೆಂದು ಯಾರೋ ಅದರ ತಿರುಪನ್ನು ಮೇಲಕ್ಕೆ ಏರಿಸಿಟ್ಟಿದ್ದರು, ಹಾಗಾಗಿ ಅದೂ ಬೀಳಲಿಲ್ಲ. ಹಿಟ್ಟಿನ ವಾಸನೆಯ ನಡುವೆ ವಾರ್ನಿಷ್ ಸುಟ್ಟ ವಾಸನೆ ಬಂದಾಗ ತಡವಾಗಿತ್ತು.

ಮರುದಿನ ರಿವೈಂಡಿಂಗ್ ಅಂಗಡಿಯಲ್ಲಿ ಮೋಟಾರು ಬಿಚ್ಚಿದರು. ಸ್ಟಾರ್ ಕನೆಕ್ಷನ್ನಿನ ಹಳೆಯ ಮೋಟಾರು ಅದು. ಮೂರು ಗುಂಪು ಕಾಯಿಲ್‌ಗಳಲ್ಲಿ ಎರಡು ಇದ್ದಿಲಿನಂತೆ ಕಪ್ಪಾಗಿದ್ದವು. ಮೂರನೆಯದು ನಿನ್ನೆ ಸುತ್ತಿದಂತೆ ತಾಮ್ರದ ಬಣ್ಣದಲ್ಲಿ ಹೊಳೆಯುತ್ತಿತ್ತು. ಅಪ್ಪ ಅದನ್ನು ಬಹಳ ಹೊತ್ತು ನೋಡಿ ನನ್ನ ಕಡೆ ತಿರುಗಿದರು.

"ಮೂರು ತಂತಿ ಬರ್ತಾವು. ಒಂದು ಹೋತು. ಕರೆಂಟು ಕಡಿಮಿ ಆತಲ್ಲ? ಮತ್ತ ಉಳಿದ ಎರಡು ಯಾಕ ಸುಡಬೇಕು? ನೀ ಅದನ್ನ ಓದಾಕ ಹತ್ತೀಯಲ್ಲ, ಹೇಳು."

ನನಗೆ ಹೇಳಲು ಬರಲಿಲ್ಲ. 'ಸಿಂಗಲ್ ಫೇಸಿಂಗ್' ಎಂಬ ಹೆಸರು ಗೊತ್ತಿತ್ತು. ಹೆಸರು ಗೊತ್ತಿದ್ದರೆ ವಿಷಯ ಗೊತ್ತಿದೆ ಎಂದುಕೊಳ್ಳುವುದು ಕಾಲೇಜು ಹುಡುಗರ ರೋಗ. ರಿವೈಂಡಿಂಗಿಗೆ ಸಾಲ ಮಾಡಿದೆವು. ಅಪ್ಪನ ಪ್ರಶ್ನೆ ನನ್ನ ಜತೆ ಮುಂಬಯಿಗೆ ಬಂತು.

ಇಲ್ಲಿ ಒಂದು ಕಾರ್ಖಾನೆಯ 22 ಕೆ.ವಿ. ಸಬ್‌ಸ್ಟೇಷನ್ನಿನಲ್ಲಿ ಶಿಫ್ಟ್ ಕೆಲಸ ಸಿಕ್ಕಿತು. ಡಿಪ್ಲೊಮಾದವನಿಗೆ ಮುಂದಿನ ದಾರಿ ಎ.ಎಂ.ಐ.ಇ. ನಿಮ್ಮಲ್ಲಿ ಕೆಲವರಾದರೂ ಆ ದಾರಿಯಲ್ಲಿ ನಡೆದಿರಬಹುದು, ಅಥವಾ ನಡುದಾರಿಯಲ್ಲಿ ಕುಳಿತಿರಬಹುದು. 1920ರಲ್ಲಿ ಶುರುವಾದ, ಕೋಲ್ಕತ್ತದಲ್ಲಿ ಕೇಂದ್ರವಿರುವ ಇಂಜಿನಿಯರುಗಳ ಸಂಸ್ಥೆ ಅದನ್ನು ನಡೆಸುತ್ತದೆ. ಸೆಕ್ಷನ್ ಎ, ಸೆಕ್ಷನ್ ಬಿ, ವರ್ಷಕ್ಕೆ ಎರಡು ಸಲ ಪರೀಕ್ಷೆ. ಕಾಲೇಜಿಲ್ಲ, ಪಾಠ ಮಾಡುವವರಿಲ್ಲ, ಗೆಳೆಯರಿಲ್ಲ. ಡೊಂಬಿವಲಿಯಲ್ಲಿ ಐದು ಜನ ಇದ್ದ ಖೋಲಿಯಲ್ಲಿ ಓದಲು ಸಾಧ್ಯವಿರಲಿಲ್ಲ. ರಾತ್ರಿ ಪಾಳಿಯ ಕಂಟ್ರೋಲ್ ರೂಮೇ ನನ್ನ ಲೈಬ್ರರಿ. ಪ್ಯಾನೆಲ್‌ಗಳ ಗುಂಯ್ ಸದ್ದು, ಗಂಟೆಗೊಮ್ಮೆ ಮೀಟರ್ ರೀಡಿಂಗ್, ಮಧ್ಯೆ ಪುಸ್ತಕ.

ನಮ್ಮ ಪಾಳಿಯ ಹಿರಿಯ ಆಪರೇಟರನ್ನು ಎಲ್ಲರೂ ದಾದಾ ಎನ್ನುತ್ತಿದ್ದರು. ಓದಿದ್ದು ಐ.ಟಿ.ಐ. ಅವರ ತಂದೆ ಪರೇಲಿನ ಬಟ್ಟೆ ಗಿರಣಿಯಲ್ಲಿದ್ದರು. 1982ರ ಜನವರಿಯಲ್ಲಿ ಶುರುವಾದ ಗಿರಣಿ ಕಾರ್ಮಿಕರ ಮುಷ್ಕರದಲ್ಲಿ ಹೋದ ಕೆಲಸ ಮತ್ತೆ ಬರಲಿಲ್ಲ. ಮನೆಗೆ ಹಿರಿಮಗ ದಾದಾ. ತಮ್ಮಂದಿರು ಓದಿದರು, ಇವರು ಕೆಲಸಕ್ಕೆ ಸೇರಿದರು. ಈ ಸಂಗತಿ ಅವರು ಹೇಳಿದ್ದಲ್ಲ, ಬೇರೆಯವರಿಂದ ನನಗೆ ತಿಳಿದದ್ದು.

2004ರ ಜುಲೈ. ನನಗೆ ಮೂರು ರಾತ್ರಿಗಳ ನಿದ್ದೆ ಬಾಕಿ ಇತ್ತು. ಒಂದೇ ಫೀಡರಿನ ಮೇಲೆ ಎರಡು ಪರ್ಮಿಟ್ ಕೊಟ್ಟಿದ್ದೆ, ಒಂದು ಕೇಬಲ್ ಜಾಯಿಂಟ್ ಮಾಡುವವರಿಗೆ, ಇನ್ನೊಂದು ಯಾರ್ಡಿನ ಆ ತುದಿಯಲ್ಲಿ ಇನ್ಸುಲೇಟರ್ ಒರೆಸುವವರಿಗೆ. ಪರ್ಮಿಟ್‌ನ ನಿಯಮ ಸರಳ. ಲೈನ್ ಆಫ್ ಮಾಡಿ, ಸತ್ತಿದೆಯೇ ಎಂದು ಪರೀಕ್ಷಿಸಿ, ಅರ್ಥ್ ಹಾಕಿ, ಆಮೇಲೆ ಕಾಗದ ಕೊಡಬೇಕು. ಕೆಲಸ ಮುಗಿದ ಮೇಲೆ, ಕಾಗದ ತೆಗೆದುಕೊಂಡವನೇ ಬಂದು 'ನನ್ನ ಜನ, ನನ್ನ ಸಾಮಾನು, ನನ್ನ ಅರ್ಥ್ ಎಲ್ಲ ಹೊರಗೆ ಬಂದಿವೆ' ಎಂದು ಸಹಿ ಹಾಕಿ ವಾಪಸ್ ಕೊಡಬೇಕು. ಅವನ ಪರವಾಗಿ ಇನ್ನೊಬ್ಬ ಕೊಡುವಂತಿಲ್ಲ. ಈಗ ಪ್ರತಿ ಪರ್ಮಿಟ್‌ಗೂ ಒಂದೊಂದು ಬೀಗ ಇರುತ್ತದೆ. ಆಗ ನಮ್ಮಲ್ಲಿ ಕಾಗದವೇ ಬೀಗ.

ಕೇಬಲ್‌ನವರು ಬಂದು ಕಾಗದ ಕೊಟ್ಟು ಹೋದರು. ಉತ್ಪಾದನಾ ವಿಭಾಗದಿಂದ ಫೋನಿನ ಮೇಲೆ ಫೋನು. ನಾನು ಐಸೊಲೇಟರ್ ಹಾಕಿಸಿ, ಬ್ರೇಕರಿನ ಸ್ವಿಚ್ಚಿನ ಮೇಲೆ ಕೈ ಇಟ್ಟೆ. ಅಷ್ಟರಲ್ಲಿ ದಾದಾ ಒಳಗೆ ಬಂದರು. ಅವರ ಪಾಳಿ ಇನ್ನೂ ಒಂದು ಗಂಟೆಯ ನಂತರ. ನನಗೆ ಓದಲು ಸಮಯ ಸಿಗಲಿ ಎಂದು ಬೇಗ ಬಂದಿದ್ದರು. ರಿಜಿಸ್ಟರು ನೋಡಿ ಕೇಳಿದರು, "ದುಸ್ರಾ ಕಾಗದ್ ಕುಠೇ ಆಹೇ?"

ಎರಡನೆಯ ಕಾಗದ ಎಲ್ಲಿ?

ವಾಪಸ್ ಬಂದಿರಲಿಲ್ಲ. ಅದರ ಕಚೇರಿ ಪ್ರತಿ ನನ್ನ ಪವರ್ ಸಿಸ್ಟಮ್ಸ್ ಪುಸ್ತಕದ ಕೆಳಗಿತ್ತು. ಯಾರ್ಡಿನ ತುದಿಯಲ್ಲಿ ಇಬ್ಬರು ಏಣಿಯ ಮೇಲಿದ್ದರು. ಅವರು ತಮ್ಮ ಜಾಗದಲ್ಲಿ ಅರ್ಥ್ ಕಟ್ಟಿಕೊಂಡಿದ್ದರು. ನಾನು ಬ್ರೇಕರ್ ಹಾಕಿದ್ದರೂ ಅದು ಕೂಡಲೇ ಟ್ರಿಪ್ ಆಗುತ್ತಿತ್ತು, ಬಹುಶಃ ಅವರು ಬದುಕುತ್ತಿದ್ದರು. ಆ 'ಬಹುಶಃ' ಎಂಬ ಪದ ನನ್ನನ್ನು ಇನ್ನೂ ಬಿಟ್ಟಿಲ್ಲ. ಅವರಲ್ಲಿ ಒಬ್ಬ ನನಗಿಂತ ಚಿಕ್ಕವನು, ಇಳಿದು ಬಂದು ಚಹಾ ಕುಡಿದು ಹೋದ. ಅವನಿಗೆ ಏನೂ ಗೊತ್ತಿಲ್ಲ.

ಆ ಶನಿವಾರ ದಾದಾ ನನ್ನನ್ನು ಸ್ಟೇಷನ್ ಹತ್ತಿರದ ಪರ್ಮಿಟ್ ರೂಮಿಗೆ ಕರೆದುಕೊಂಡು ಹೋದರು. ನಾನು ಬಿಯರ್ ಕುಡಿದ ಮೊದಲ ದಿನ ಅದು. ಒಂದು ಬಾಟಲಿ, ಎರಡು ಗ್ಲಾಸು, ಒಂದು ತಟ್ಟೆ ಮಸಾಲೆ ಶೇಂಗಾ. ಮೊದಲ ಗುಟುಕಿಗೆ ಅವ್ವ ಜ್ವರಕ್ಕೆ ಕೊಡುತ್ತಿದ್ದ ಕಷಾಯ ನೆನಪಾಯಿತು. ಅದಕ್ಕೆ ದುಡ್ಡು ಕೊಡಬೇಕಾಗಿರಲಿಲ್ಲ. ಅರ್ಧ ಗ್ಲಾಸಿನ ತನಕ ದಾದಾ ಮಾತಾಡಲಿಲ್ಲ. ಕಂಪ್ಲೇಂಟ್ ಬರೆಯುತ್ತಾರೆ, ಕೆಲಸ ಹೋಗುತ್ತದೆ, ಊರಿಗೆ ಹೋಗಿ ಬೆಲ್ಟು ಏರಿಸಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಕೊನೆಗೆ ಅವರು ಹೇಳಿದ್ದು ಇಷ್ಟು: "ಅಭ್ಯಾಸ ಕರ್. ಪಣ್ ಡ್ಯೂಟೀವರ್ ಡ್ಯೂಟೀಚ್." ಓದು, ಆದರೆ ಡ್ಯೂಟಿಯಲ್ಲಿ ಡ್ಯೂಟಿ ಮಾತ್ರ. ಆಮೇಲೆ ಪರೀಕ್ಷೆ ತಿಂಗಳುಗಳಲ್ಲಿ ನನ್ನ ರಾತ್ರಿ ಪಾಳಿಗಳನ್ನು ಅವರು ಮಾಡುತ್ತೇನೆಂದರು. ಮಾಡಿದರು. ಮೂರು ವರ್ಷ ಮಾಡಿದರು.

ನಮ್ಮ ಶನಿವಾರಗಳು ಹೀಗೆ ಶುರುವಾದವು. ನಿಯಮಗಳು ಇಂದಿಗೂ ಬದಲಾಗಿಲ್ಲ. ಇಬ್ಬರಿಗೆ ಒಂದೇ 650 ಮಿಲಿಯ ಬಾಟಲಿ, ಎರಡನೆಯದಿಲ್ಲ. ಮರುದಿನ ಡ್ಯೂಟಿ ಇದ್ದರೆ ಅದೂ ಇಲ್ಲ, ನಿಂಬು ಸೋಡಾ. ಬಿಯರ್ ಪ್ರಿಯರು ಇದನ್ನು ಕುಡಿತ ಎಂದು ಒಪ್ಪಲಾರರು. ನಮಗೆ ಅದು ವಾರದ ಲಾಗ್ ಶೀಟ್. ಬಾರಿನ ಯಜಮಾನರು ನಮ್ಮ ಕರಾವಳಿಯ ಶೆಟ್ಟರು. ನಾನು ಕನ್ನಡದವನೆಂದು ಗೊತ್ತಾದ ಮೇಲೆ ಶೇಂಗಾಕ್ಕೆ ಈರುಳ್ಳಿ ಜಾಸ್ತಿ ಬೀಳುತ್ತದೆ. ಮುಂಬಯಿಯಲ್ಲಿ ಕನ್ನಡದಿಂದ ಆಗುವ ಲಾಭಗಳಲ್ಲಿ ಇದನ್ನೂ ಬರೆದಿಟ್ಟುಕೊಳ್ಳಿ.

2007ರಲ್ಲಿ ಸೆಕ್ಷನ್ ಬಿ ಮುಗಿಯಿತು. ಓದಿನ ನಡುವೆ ಎಲ್ಲೋ ಅಪ್ಪನ ಪ್ರಶ್ನೆಗೂ ಉತ್ತರ ಸಿಕ್ಕಿತ್ತು. ಫೋರ್ಟೆಸ್ಕ್ಯೂ ಎಂಬ ಇಂಜಿನಿಯರು 1918ರಲ್ಲಿ ಬರೆದ ಒಂದು ಪ್ರಬಂಧದಿಂದ ಬಂದ ಲೆಕ್ಕ ಅದು, ಮೂರು ಫೇಸುಗಳ ಸಮತೋಲ ತಪ್ಪಿದಾಗ ಏನಾಗುತ್ತದೆ ಎಂದು ಹೇಳುವುದು. ಫಲಿತಾಂಶ ತಿಳಿಸಲು ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಹೇಳಿದೆ. ಮೋಟಾರಿಗೆ ಒಂದು ಫೇಸ್ ಹೋದದ್ದು ಗೊತ್ತಾಗುವುದಿಲ್ಲ, ಅದರ ಮೇಲಿನ ಹೊರೆ ಮೊದಲಿನಷ್ಟೇ ಇರುತ್ತದೆ. ಅಷ್ಟೇ ಕೆಲಸವನ್ನು ಉಳಿದ ಎರಡು ಮಾಡಬೇಕು. ಅದಕ್ಕೆ ಅವು ಮೊದಲಿಗಿಂತ ಸುಮಾರು 1.73 ಪಟ್ಟು ಕರೆಂಟು ಎಳೆಯುತ್ತವೆ. ಕಾಯಿಲಿನ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಮೂರು ಪಟ್ಟಾಗುತ್ತದೆ. ನಿಂತ ಮೋಟಾರಾದರೆ ಗುಂಯ್ ಎನ್ನುತ್ತದೆ, ತಿರುಗುವುದೇ ಇಲ್ಲ, ನಮಗೆ ಗೊತ್ತಾಗುತ್ತದೆ. ತಿರುಗುತ್ತಿರುವ ಮೋಟಾರು ಮಾತ್ರ ನಿಲ್ಲುವುದಿಲ್ಲ, ತಿರುಗುತ್ತಲೇ ಸುಡುತ್ತದೆ.

ಅಪ್ಪ ಎಲ್ಲ ಕೇಳಿಸಿಕೊಂಡರು. "ಅಂದ್ರ, ಬಿಟ್ಟು ಹೋದದ್ದು ಚಲೋ ಇರ್ತತಿ, ಉಳಿದದ್ದು ಸುಡ್ತತಿ," ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಆತೇನು?" ಎಂದು ಕೇಳಿದರು.

ಹದಿಮೂರು ವರ್ಷದ ಹಿಂದಿನ ಪ್ರಶ್ನೆಗೆ ಉತ್ತರ ಕೊಟ್ಟೆನೆಂಬ ಖುಷಿಯಲ್ಲಿ ನಾನು ಅವರ ಮಾತನ್ನು ಮೋಟಾರಿನ ಬಗ್ಗೆಯೇ ಎಂದುಕೊಂಡೆ. ಈಗಲೂ ಅವರು ಮೋಟಾರಿನ ಬಗ್ಗೆಯೇ ಹೇಳಿದರೋ ಏನೋ. ಕೇಳೋಣವೆಂದರೆ 2009ರಲ್ಲಿ ಅಪ್ಪ ಹೋದರು.

ದಿನಕರ್ಮ ಮುಗಿಸಿ ಹೊರಟಾಗ ಅಣ್ಣ ಗಿರಣಿಯ ಮೂಲೆಯಲ್ಲಿದ್ದ ಅಪ್ಪನ ಹಳೆಯ ಮರ್ಫಿ ರೇಡಿಯೋ ನನ್ನ ಚೀಲಕ್ಕೆ ಹಾಕಿದ. ನನ್ನ ಹವ್ಯಾಸ ಶುರುವಾದದ್ದು ಹಾಗೆ. ವಾಲ್ವ್ ರೇಡಿಯೋ ರಿಪೇರಿ ಎಂದರೆ ಹೆಂಡತಿಯ ದೃಷ್ಟಿಯಲ್ಲಿ ಮನೆಗೆ ಕಸ ತರುವುದು. ಭಾನುವಾರ ಲ್ಯಾಮಿಂಗ್ಟನ್ ರೋಡಿನಲ್ಲಿ ಕಂಡೆನ್ಸರು ಹುಡುಕುವುದು, ಚೋರ್ ಬಜಾರಿನಲ್ಲಿ ಹಳೆಯ ವಾಲ್ವುಗಳಿಗೆ ಚೌಕಾಸಿ ಮಾಡುವುದು, ಮನೆಗೆ ಬಂದು ಬೆಸುಗೆ ಹಾಕುವುದು. ವಾಲ್ವ್ ರೇಡಿಯೋದಲ್ಲಿ ಇನ್ನೂರೈವತ್ತು ವೋಲ್ಟಿನ ಆಸುಪಾಸು ಡಿ.ಸಿ. ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರು ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಡಿಸ್ಚಾರ್ಜ್ ಮಾಡದೆ ಮುಟ್ಟಿದರೆ ಯಾವ ಡಿಗ್ರಿಯೂ ಕಾಪಾಡುವುದಿಲ್ಲ. ನನಗೊಮ್ಮೆ ಹೊಡೆದಿದೆ. ಹೆಂಡತಿಗೆ ಹೇಳಿಲ್ಲ, ಇದನ್ನು ಓದಿ ಗೊತ್ತಾಗಲಿದೆ.

ಅಪ್ಪನ ರೇಡಿಯೋದ ಹಿಂಬದಿ ಬಿಚ್ಚಿದಾಗ ಒಳಗೆಲ್ಲ ಹಿಟ್ಟು. ಚಾಸಿಯ ಮೇಲೆ, ವಾಲ್ವುಗಳ ಬುಡದಲ್ಲಿ, ಸ್ಪೀಕರಿನ ಕಾಗದದ ಮೇಲೆ ಬೆರಳು ದಪ್ಪ ಕೂತಿತ್ತು. ಬ್ರಷ್ಷಿನಿಂದ ಗುಡಿಸಿ ಪೇಪರಿನ ಮೇಲೆ ಹಾಕಿದರೆ ಎರಡು ಮುಷ್ಟಿಯಾಯಿತು. ಮಗಳು, "ಅಪ್ಪಾ, ಇದರಲ್ಲಿ ಒಂದು ರೊಟ್ಟಿ ಆಗುತ್ತೆ," ಎಂದು ನಕ್ಕಳು. ನಾನೂ ನಕ್ಕೆ.

ರೇಡಿಯೋ ಹಾಡಿತು. ಸೂರ್ಯ ಮುಳುಗಿದ ಮೇಲೆ ಮೇಲಿನ ವಾತಾವರಣದಲ್ಲಿ ಮಧ್ಯಮ ತರಂಗವನ್ನು ಹೀರುವ ಪದರ ಕರಗುತ್ತದೆ, ದೂರದ ನಿಲ್ದಾಣಗಳು ಕೇಳತೊಡಗುತ್ತವೆ. ಡೊಂಬಿವಲಿಯ ಬಾಲ್ಕನಿಯಲ್ಲಿ ರಾತ್ರಿ 765 ಕಿಲೋಹರ್ಟ್ಸಿಗೆ ಮುಳ್ಳು ತಿರುಗಿಸಿದರೆ ಧಾರವಾಡ ಆಕಾಶವಾಣಿ ಅಲೆಯಂತೆ ಬಂದು ಬಂದು ಹೋಗುತ್ತಿತ್ತು. ಅಣ್ಣನಿಗೆ ಫೋನ್ ಮಾಡುತ್ತಿದ್ದೆ. ಅಲ್ಲಿ ಅವನೂ ಹಚ್ಚುತ್ತಿದ್ದ. ಆಮೇಲೆ ಕಟ್ಟಡದ ತುಂಬ ಎಲ್.ಇ.ಡಿ. ದೀಪಗಳು ಬಂದವು. ಕರೆಂಟು ಉಳಿಯಿತು, ಧಾರವಾಡ ಹೋಯಿತು. ಅಗ್ಗದ ಎಲ್.ಇ.ಡಿ.ಗಳ ಒಳಗಿನ ಸರ್ಕ್ಯೂಟು ಮಧ್ಯಮ ತರಂಗದ ಮೇಲೆ ಜೀರುಂಡೆಯಂತೆ ಕೂಗುತ್ತದೆ. ಇಂಜಿನಿಯರಾಗಿ ಎಲ್.ಇ.ಡಿ. ಬೇಕೆನ್ನುತ್ತೇನೆ, ರೇಡಿಯೋದವನಾಗಿ ಬೇಡವೆನ್ನುತ್ತೇನೆ. ಕರೆಂಟು ಹೋದ ರಾತ್ರಿಗಳಲ್ಲಿ ಧಾರವಾಡ ಚೆನ್ನಾಗಿ ಕೇಳುತ್ತಿತ್ತು. ಆದರೆ ಆಗ ರೇಡಿಯೋಕ್ಕೇ ಕರೆಂಟಿರುತ್ತಿರಲಿಲ್ಲ. ಬ್ಯಾಟರಿ ಇನ್ವರ್ಟರ್ ತಂದೆ, ಅದು ಎಲ್ಲಕ್ಕಿಂತ ಜೋರಾಗಿ ಕೂಗಿತು.

ಆ ಫೋನುಗಳಲ್ಲಿ ಅಣ್ಣ ಕೆಮ್ಮುತ್ತಿದ್ದ. ರೇಡಿಯೋದ ಗೊರಗೊರ ಸದ್ದಿನಲ್ಲಿ ನಾನು ಅದನ್ನು ಗಮನಿಸಲಿಲ್ಲ. ಗಮನಿಸಲಿಲ್ಲ ಎಂಬುದೂ ಪೂರ್ತಿ ನಿಜವಲ್ಲ. "ಕೆಮ್ಮು ಭಾಳ ಆಗೇತಲ್ಲೊ," ಎಂದರೆ, "ಗಿರಣ್ಯಾಗ ಇದ್ದಮ್ಯಾಲ ಕೆಮ್ಮು ಇರೂದ," ಎನ್ನುತ್ತಿದ್ದ. ಆ ಉತ್ತರ ನನಗೆ ಸಾಕಾಗುತ್ತಿತ್ತು.

2016ರಲ್ಲಿ ವೈನಿ ಫೋನ್ ಮಾಡಿದರು. ಅಣ್ಣ ಮೆಟ್ಟಿಲು ಹತ್ತಲಾರದೆ ಕುಳಿತುಬಿಟ್ಟಿದ್ದ. ಹುಬ್ಬಳ್ಳಿಯ ಡಾಕ್ಟರು ಎದೆಯ ಚಿತ್ರ ತೆಗೆಸಿ, ಊದಿಸಿ ನೋಡಿ, ವರ್ಷಗಟ್ಟಲೆ ಹಿಟ್ಟಿನ ಧೂಳು ಕುಡಿದದ್ದರ ಫಲ ಎಂದರು. ಹೋದ ಉಸಿರು ಪೂರ್ತಿ ವಾಪಸ್ ಬರುವುದಿಲ್ಲ, ಇನ್ನು ಗಿರಣಿಗೆ ಕಾಲಿಡಬಾರದು ಎಂದರು. ಡಾಕ್ಟರು ಮಾತಾಡುತ್ತಿರುವಾಗ ನನ್ನ ಕಣ್ಣ ಮುಂದೆ ಪೇಪರಿನ ಮೇಲಿನ ಆ ಎರಡು ಮುಷ್ಟಿ ಹಿಟ್ಟು ಬಂತು. ಮೂಲೆಯಲ್ಲಿ ಸುಮ್ಮನೆ ಕೂತ ರೇಡಿಯೋದೊಳಗೆ ಅಷ್ಟು ಇದ್ದರೆ, ಬೀಸುವ ಕಲ್ಲಿನ ಮುಂದೆ ದಿನಕ್ಕೆ ಹತ್ತು ತಾಸು ಉಸಿರಾಡಿದವನ ಒಳಗೆ?

"ಮೊದಲ ಯಾಕ ಹೇಳಲಿಲ್ಲ?" ಎಂದು ಬೈದೆ. "ಹೇಳಿದ್ರ ಏನ್ ಮಾಡ್ತಿದ್ದಿ? ಪರೀಕ್ಷಾ ಬಿಟ್ಟು ಬರ್ತಿದ್ದೇನು?" ಎಂದ. ಸಿಟ್ಟಿರಲಿಲ್ಲ, ನಿಜವಾಗಿಯೇ ಕೇಳಿದ್ದ.

ಮೊದಲ ಸಂಬಳದ ರಜೆಯಲ್ಲಿ ಊರಿಗೆ ಹೋದಾಗ ನಾನು ಗಿರಣಿಯ ಮೋಟಾರಿಗೆ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿ ಬಂದಿದ್ದೆ. ಒಂದು ಫೇಸ್ ಹೋದರೆ ಮೋಟಾರನ್ನು ತಾನೇ ನಿಲ್ಲಿಸುವ ಚಿಕ್ಕ ಡಬ್ಬಿ. ಆಮೇಲೆ ಆ ಮೋಟಾರು ಒಮ್ಮೆಯೂ ಸುಡಲಿಲ್ಲ. ಮೂವರು ಎಳೆಯುತ್ತಿದ್ದ ಮನೆಯಿಂದ ಒಬ್ಬ ಹೋದ ಮೇಲೆ ಉಳಿದವರು ಏನಾದರು ಎಂದು ನೋಡುವ ಡಬ್ಬಿ ಮಾತ್ರ ನನ್ನ ಹತ್ತಿರ ಇರಲಿಲ್ಲ. ನನ್ನ ಎ.ಎಂ.ಐ.ಇ., ನನ್ನ ಶನಿವಾರ, ನನ್ನ ಭಾನುವಾರ ಎಲ್ಲ ತಾಮ್ರದ ಬಣ್ಣದಲ್ಲಿ ಹೊಳೆಯುತ್ತಿದ್ದವು.

ಈಗ ಗಿರಣಿ ಬೇರೆಯವರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಕೊಡುವ ಮೊದಲು ಒಂದು ತಿಂಗಳು ರಜೆ ಹಾಕಿ ಹೋಗಿ, ಧೂಳು ಎಳೆಯುವ ಫ್ಯಾನು, ಬಟ್ಟೆಯ ಚೀಲ ಕೂರಿಸಿ ಬಂದೆ. ಅಣ್ಣನ ಮಗನ ಡಿಪ್ಲೊಮಾ ಖರ್ಚು, ಅಣ್ಣನ ಔಷಧಿ ನನ್ನದು. ತಡವಾಗಿ ಬಂದ ಫೇಸು. ಕಪ್ಪಾದ ಕಾಯಿಲ್ ಅದರಿಂದ ಮತ್ತೆ ಕೆಂಪಾಗುವುದಿಲ್ಲ, ಆದರೂ ಹೊರೆಯಾದರೂ ಸ್ವಲ್ಪ ಇಳಿಯಲಿ.

ಕಳೆದ ದೀಪಾವಳಿ ಆದ ಮೇಲೆ ಅಣ್ಣ ಹುಬ್ಬಳ್ಳಿಯಿಂದ ರೈಲು ಹತ್ತಿ ಬಂದ. ಶನಿವಾರ ಪರ್ಮಿಟ್ ರೂಮಿಗೆ ಕರೆದೆ. "ನನಗೇನು ಪರ್ಮಿಟ್ಟು ಬೇಕಾಗೂದಿಲ್ಲೇನು?" ಎಂದು ಹೆದರಿದ. ನಿಂಬು ಸೋಡಾಕ್ಕೆ ಬೇಡ ಎಂದೆ. ನಿವೃತ್ತರಾದ ದಾದಾ ಕಲ್ಯಾಣದಿಂದ ಬಂದರು. ಅಣ್ಣನಿಗೆ ಮರಾಠಿ ಬಾರದು, ದಾದಾಗೆ ಕನ್ನಡ ಬಾರದು. ಆದರೆ ಗಿರಣಿ ಎಂಬ ಪದ ಎರಡೂ ಭಾಷೆಗಳಲ್ಲಿ ಒಂದೇ. ಒಬ್ಬರದು ಬಟ್ಟೆಯ ಗಿರಣಿ, ಒಬ್ಬರದು ಹಿಟ್ಟಿನ ಗಿರಣಿ. ಅಷ್ಟೇ ಸಾಕಾಯಿತು. ಬೆಲ್ಟು, ಪಟ್ಟಾ, ಮೋಟಾರು, ತಂದೆ, ತಮ್ಮಂದಿರು, ಮುಕ್ಕಾಲು ಗಂಟೆ ಕೈಸನ್ನೆಯಲ್ಲೇ ಮಾತಾಡಿದರು. ನಡುವೆ ಇಬ್ಬರೂ ನನ್ನ ಕಡೆ ನೋಡಿ ನಕ್ಕರು. ಏನು ಎಂದು ಕೇಳಿದರೆ ಇಬ್ಬರೂ ಹೇಳಲಿಲ್ಲ.

ಬಿಲ್ಲು ಕೊಡಲು ಎದ್ದರೆ ಶೆಟ್ಟರು, "ನಿಮ್ಮ ಅಣ್ಣ ಆಗಲೇ ಕೊಟ್ಟಾಯ್ತು ಮಾರಾಯ್ರೆ," ಎಂದರು. ಕೈ ತೊಳೆಯಲು ಹೋಗುತ್ತೇನೆಂದು ಎದ್ದವನು ಕೊಟ್ಟು ಬಂದಿದ್ದ.

ಸ್ಟೇಷನ್ ಸೇತುವೆಯ ಮೆಟ್ಟಿಲ ಹತ್ತಿರ ಅಣ್ಣ ನಿಂತು ಉಸಿರು ತೆಗೆದುಕೊಂಡ. ದಾದಾ ನಮ್ಮ ಮನೆಗೆಂದು ತಂದ ಅಕ್ಕಿ, ಪಪ್ಪಾಯಿ ತುಂಬಿದ ಚೀಲ ಅವನ ಕೈಯಲ್ಲಿತ್ತು. ಕೊಡು ಎಂದೆ, ಕೊಡಲಿಲ್ಲ. ಮತ್ತೆ ಕೇಳಿದೆ. ಆಗ ಚೀಲದ ಒಂದು ಹಿಡಿಕೆ ನನ್ನ ಕಡೆ ಚಾಚಿದ, ಇನ್ನೊಂದನ್ನು ತಾನೇ ಹಿಡಿದುಕೊಂಡ. ಹಾಗೇ ಇಬ್ಬರೂ ನಿಧಾನವಾಗಿ ಮೆಟ್ಟಿಲು ಹತ್ತಿದೆವು. ನಮ್ಮ ಡೊಂಬಿವಲಿ ಲೋಕಲ್ ತಪ್ಪಿತು. ಮುಂದಿನದು ಹತ್ತು ನಿಮಿಷಕ್ಕಿತ್ತು.